ಆ ಬೀಳ್ಕೊಡುಗೆ ಭಾಷಣದಿಂದ ಶುರುಮಾಡಿ

ನಮಸ್ಕಾರ.

ನಿಮ್ಮ 'ಮನಸ್ಸಿನಂತೆ ನಡತೆ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಎಡವಿರುವುದು ವಾದ.

'ಮೊದಲು ಅಭಿಪ್ರಾಯ ಬದಲಾಗಬೇಕು, ನಡತೆ ತಾನಾಗಿ ಹಿಂದೆ ಬರುತ್ತದೆ' ಎನ್ನುತ್ತೀರಿ. ಅದಕ್ಕೆ ಸಾಕ್ಷಿಯಾಗಿ ಡಾಲರ್ ಪ್ರಯೋಗವನ್ನು ತರುತ್ತೀರಿ. ಆ ಸಾಕ್ಷಿ ಎದುರು ಪಕ್ಷದ್ದು ಕಣ್ರೀ! ಸಾಲದ್ದಕ್ಕೆ ಫಲಿತಾಂಶವೂ ತಲೆಕೆಳಗಾಗಿದೆ. ಜಾಸ್ತಿ ದುಡ್ಡು ಸಿಕ್ಕವರೇ ಕೆಲಸವನ್ನು ಮೆಚ್ಚಿಕೊಂಡರು ಅಂತ ಬರೆದಿದ್ದೀರಿ.

ಮನಶ್ಶಾಸ್ತ್ರಜ್ಞರಾದ ಲಿಯಾನ್ ಫೆಸ್ಟಿಂಗರ್ ಮತ್ತು ಜೇಮ್ಸ್ ಕಾರ್ಲ್‌ಸ್ಮಿತ್ 1959ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ವಿದ್ಯಾರ್ಥಿ ಅರ್ಧ ಗಂಟೆ ಉರುಳೆಗಳನ್ನು ಟ್ರೇಗೆ ತುಂಬಬೇಕು, ಖಾಲಿ ಮಾಡಬೇಕು, ಮತ್ತೆ ತುಂಬಬೇಕು. ಇನ್ನರ್ಧ ಗಂಟೆ ಹಲಗೆಯ ಮೇಲಿನ 48 ಗೂಟಗಳನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತಾ ಕೂರಬೇಕು. ಅದೂ ಒಂದೇ ಕೈಯಲ್ಲಿ. ಆಮೇಲೆ, ಮುಂದಿನ ಸರದಿಗೆ ಕಾದಿರುವವರಿಗೆ 'ತುಂಬಾ ಮಜವಾಗಿತ್ತು' ಅಂತ ಸುಳ್ಳು ಹೇಳಬೇಕು. ಅದಕ್ಕೆ ಕೆಲವರಿಗೆ 20 ಡಾಲರ್, ಕೆಲವರಿಗೆ ಬರೀ 1. ಕೊನೆಗೆ ಕೇಳಿದಾಗ, ಕೆಲಸ ಪರವಾಗಿಲ್ಲ, ಚೆನ್ನಾಗೇ ಇತ್ತು ಎನ್ನುವ ಕಡೆ ವಾಲಿದವರು 1 ಡಾಲರ್‌ನವರು. 20 ಸಿಕ್ಕವನಿಗೆ ಸುಳ್ಳಿನ ನೆಪ ಜೇಬಿನಲ್ಲೇ ಇತ್ತಲ್ಲ. 1 ಡಾಲರ್‌ನವನಿಗೆ ಇರಲಿಲ್ಲ. ಹೇಳಿದ ಸುಳ್ಳನ್ನು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ, ಅದಕ್ಕೆ ಅಭಿಪ್ರಾಯವನ್ನೇ ಸ್ವಲ್ಪ ಸರಿಸಿಕೊಂಡ. ಅನ್ನಿಸಿದ್ದೊಂದು, ಹೇಳಿದ್ದೊಂದು ಆದಾಗಿನ ಈ ಇರಿಸುಮುರಿಸಿಗೇ ಫೆಸ್ಟಿಂಗರ್ 'ಕಾಗ್ನಿಟಿವ್ ಡಿಸೊನೆನ್ಸ್' ಎಂದು ಹೆಸರಿಟ್ಟದ್ದು.

ಇರಿಸುಮುರಿಸೇನೂ ಬೇಕಿಲ್ಲ, ಮನುಷ್ಯ ತನ್ನ ನಡತೆಯನ್ನೇ ಹೊರಗಿನವನ ಹಾಗೆ ನೋಡಿ 'ಓ, ನನಗಿದು ಇಷ್ಟ' ಅಂದುಕೊಳ್ಳುತ್ತಾನೆ ಎಂದು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಡ್ಯಾರಿಲ್ ಬೆಮ್ 1967ರಲ್ಲಿ ವಾದಿಸಿದರು. ಈ ಜಗಳಕ್ಕೆ ಒಂದು ಪ್ಯಾರಾ ಕೊಡಿ, ಸಾಕು. ಕೆಟ್ಟದ್ದು ಅಂತ ಗೊತ್ತಿದ್ದೂ ಸಿಗರೇಟು ಸೇದುವವನ ಉದಾಹರಣೆ ಮಾತ್ರ ದಯವಿಟ್ಟು ತೆಗೆಯಿರಿ. ಈ ವಿಷಯದ ಮೇಲೆ ನನಗೆ ಬರುವ ಲೇಖನಗಳಲ್ಲೆಲ್ಲ ಅವನು ಸೇದುತ್ತಲೇ ಇದ್ದಾನೆ.

ಇನ್ನು ನಾಲ್ಕನೇ ಪುಟ. ನಿಮಗೆ ಒಂಚೂರೂ ಹಿಡಿಸದ ಮೇಲಧಿಕಾರಿಯ ಬೀಳ್ಕೊಡುಗೆಗೆ ನೀವೇ ಭಾಷಣ ಬರೆದಿರಿ. ಮೂರು ಸಲ ಜೋರಾಗಿ ಓದಿ ಅಭ್ಯಾಸ ಮಾಡಿದಿರಿ. ಮನೆಗೆ ಹೋಗುವಾಗ 'ಪಾಪ, ಅಷ್ಟೇನೂ ಕೆಟ್ಟವರಲ್ಲ' ಅನ್ನಿಸಿತು. ಇಷ್ಟನ್ನು ಎರಡೇ ಸಾಲಿನಲ್ಲಿ ಹೇಳಿ ಮುಂದೆ ಓಡಿಬಿಟ್ಟಿದ್ದೀರಿ! ನಿಮ್ಮ ಲೇಖನ ಇರುವುದೇ ಅಲ್ಲಿ, ಅಲ್ವಾ? ಭಾಷಣದಲ್ಲಿ ಏನು ಹೊಗಳಿದಿರಿ? ಯಾವ ಮಾತಿಗೆ ನಾಲಿಗೆ ತಡವರಿಸಿತು? ಮುಖ್ಯವಾಗಿ, ಒಲ್ಲೆ ಅನ್ನುವ ಅವಕಾಶ ನಿಮಗಿತ್ತಾ? ಬಲವಂತಕ್ಕೆ ಮಾಡಿದ್ದಾದರೆ ಮನಸ್ಸು ಅಭಿಪ್ರಾಯ ಬದಲಿಸುವ ಗೋಜಿಗೆ ಹೋಗುವುದು ಕಡಿಮೆ. 'ಮಾಡಿಸಿದರು, ಮಾಡಿದೆ' ಅಂತ ಸುಮ್ನಾಗುತ್ತದೆ. ಒಪ್ಪಿಕೊಂಡು ಬರೆದಿದ್ದರೆ ಕಥೆಯೇ ಬೇರೆ.

ಅಲ್ಲಿಂದ ಶುರುಮಾಡಿ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ. ಶೀರ್ಷಿಕೆ ಬೇರೆ ಬೇಕಾಗುತ್ತದೆ.

ಇಂತಿ,
ಸಂಪಾದಕ