ಮಧುಮೇಹಿಗಳ ಅಂಗಾಲಿನ ಹುಣ್ಣಿಗೆ ಯಾವ ಮುಲಾಮು ಒಳ್ಳೆಯದು? ನೋವಿಲ್ಲದಿದ್ದರೆ ಓಡಾಡಬಹುದೇ?

ಐದು ವಾರಗಳಲ್ಲಿ ಮೂರು ಮುಲಾಮು ಬದಲಿಸಿದ್ದೀರಿ, ನಾಲ್ಕನೆಯದನ್ನು ಹುಡುಕುತ್ತಿದ್ದೀರಿ. "ನೋವೇನೂ ಇಲ್ಲ, ಹಾಗಾಗಿ ಕೆಲಸಕ್ಕೆ ಹೋಗುತ್ತಿದ್ದೇನೆ" ಎಂದು ಬರೆದಿದ್ದೀರಿ. ಆರು ವರ್ಷಗಳ ಹಿಂದೆ ನಾನು ನರ್ಸ್ ಒಬ್ಬರಿಗೆ ಹೇಳಿದ್ದೂ ಇದೇ ಮಾತು. ಆಗ ನನ್ನ ಬಲಗಾಲಿಗೆ ಹೆಬ್ಬೆರಳು ಇತ್ತು.

ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಉಬ್ಬಿದ ಭಾಗದಲ್ಲಿ ನನಗೆ ಬಹಳ ಕಾಲದಿಂದ ಆಣಿ ಕಟ್ಟಿತ್ತು. ಒಂದು ಸಂಜೆ ಸಾಕ್ಸ್‌ನಲ್ಲಿ ಗುಂಡಿಯಗಲದ ಕಂದು ಕಲೆ ಕಂಡಿತು. ಬಡಾವಣೆಯ ಚಿಕ್ಕ ಆಸ್ಪತ್ರೆಗೆ ಹೋದೆ. ನರ್ಸ್ ಆಣಿಯನ್ನು ಪದರ ಪದರವಾಗಿ ಹೆರೆದರು, ಅಡಿಯಲ್ಲಿ ತೂತು ಇತ್ತು. ಬಳಿಕ ನನಗೆ ಕಣ್ಣು ಮುಚ್ಚಲು ಹೇಳಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಪಾದದ ಅಲ್ಲಲ್ಲಿ ಒತ್ತಿದರು. ಮುಟ್ಟಿದ್ದು ಗೊತ್ತಾದಾಗ ಹೇಳಬೇಕಿತ್ತು. ಅವರು ಇನ್ನೂ ಆರಂಭಿಸಿಲ್ಲವೆಂದು ನಾನು ಕಾಯುತ್ತಾ ಕುಳಿತಿದ್ದೆ. ಪರೀಕ್ಷೆ ಅಷ್ಟರಲ್ಲಿ ಮುಗಿದೇ ಹೋಗಿತ್ತು.

ನೋವಿಲ್ಲದಿರುವುದು ಹುಣ್ಣು ಚಿಕ್ಕದೆಂಬುದಕ್ಕೆ ಗುರುತಲ್ಲ. ನರಗಳು ಸ್ಪರ್ಶ ಕಳೆದುಕೊಂಡಿವೆ ಎಂದರ್ಥ. ಬೇರೆಯವರಿಗೆ ಅಂಗಾಲಿನಲ್ಲಿ ಗಾಯವಾದರೆ ಅವರಿಗೆ ಗೊತ್ತಿಲ್ಲದೆಯೇ ಕುಂಟುತ್ತಾರೆ, ಆ ಕುಂಟುವಿಕೆಯೇ ಗಾಯಕ್ಕೆ ಬಿಡುವು ಕೊಡುತ್ತದೆ. ನಾವು ಕುಂಟುವುದಿಲ್ಲ. ಇಡೀ ದೇಹದ ಭಾರವನ್ನು ಹೆಜ್ಜೆಹೆಜ್ಜೆಗೂ ಅದೇ ತೂತಿನ ಮೇಲೆ ಹಾಕುತ್ತೇವೆ.

ವೈದ್ಯರು ನನಗೆ ಮೊಣಕಾಲವರೆಗೆ ಬರುವ ಗಟ್ಟಿ ಬೂಟನ್ನು ಕೊಟ್ಟರು. ಪಟ್ಟಿ ಬಿಚ್ಚಿ ತೆಗೆಯಬಹುದಾದ ಬೂಟು. ನಾನು ಮಾಡಿದ ತಪ್ಪು ಇಲ್ಲಿದೆ, ಇದನ್ನು ಬಿಡಿಸಿಯೇ ಹೇಳುತ್ತೇನೆ. ಹೊರಗೆ ಹೋಗುವಾಗಲೆಲ್ಲ ಅದನ್ನು ಹಾಕುತ್ತಿದ್ದೆ, ಒಂದು ದಿನವೂ ತಪ್ಪಿಸಲಿಲ್ಲ. ಮನೆಗೆ ಬಂದ ಕೂಡಲೇ ಬಿಚ್ಚಿಡುತ್ತಿದ್ದೆ. ಮನೆಯೊಳಗಿನ ಓಡಾಟವನ್ನು ನಾನು ನಡಿಗೆಯೆಂದೇ ಎಣಿಸಿರಲಿಲ್ಲ. ಹಾಸಿಗೆಯಿಂದ ಶೌಚಾಲಯಕ್ಕೆ, ಅಲ್ಲಿಂದ ಅಡುಗೆಮನೆಗೆ, ಬಾಗಿಲು ತೆರೆಯಲು, ಮೊಬೈಲ್ ಎತ್ತಿಕೊಳ್ಳಲು, ರಾತ್ರಿ ಎರಡು ಬಾರಿ ಮೂತ್ರಕ್ಕೆ ಏಳಲು. ಪ್ರತಿ ಸಲವೂ ಹತ್ತೇ ಹೆಜ್ಜೆ, ಅದಕ್ಕೆ ಯಾರು ಬೂಟು ಕಟ್ಟಿಕೊಳ್ಳುತ್ತಾರೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಹೆಜ್ಜೆ ಎಣಿಸುವ ಸಾಧನವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೋಡಿದಾಗ, ನನ್ನ ದಿನದ ಹೆಜ್ಜೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯೊಳಗೇ ಬೀಳುತ್ತಿದ್ದವು. ಹೊರಗೆ ಎರಡು ಗಂಟೆ ಗಾಯವನ್ನು ಕಾಪಾಡಿ ಒಳಗೆ ಇಡೀ ಸಂಜೆ ಅದನ್ನೇ ತುಳಿಯುತ್ತಿದ್ದೆ. ಹಗಲು ಕೂಡಿಕೊಳ್ಳಲು ಹವಣಿಸಿದ ಎಳೆಯ ಚರ್ಮ ರಾತ್ರಿ ಹರಿಯುತ್ತಿತ್ತು. ಬೂಟು ಪ್ರಯೋಜನಕ್ಕೆ ಬರಲಿಲ್ಲವೆಂದು ನಾನು ವೈದ್ಯರಲ್ಲಿ ದೂರಿದೆ. ಮನೆಯಲ್ಲೂ ಹಾಕುತ್ತೀರಾ ಎಂದು ಅವರು ಕೇಳಿದರು. ಹೌದು ಎಂದುಬಿಟ್ಟೆ. ಆ ಒಂದು ಸುಳ್ಳಿನಿಂದ ಅವರು ತಪ್ಪು ದಾರಿಯಲ್ಲಿ ಇನ್ನೂ ಮೂರು ವಾರ ಹುಡುಕಿದರು, ಡ್ರೆಸಿಂಗ್ ಬದಲಿಸಿದರು.

ನಾಲ್ಕನೆಯ ವಾರ ಬೆರಳು ಊದಿ ಕೆಂಪಾಯಿತು. ವೈದ್ಯರು ತೆಳುವಾದ ಲೋಹದ ಕಡ್ಡಿಯನ್ನು ಗಾಯದೊಳಗೆ ಇಳಿಸಿದರು, ಅದು ಗಟ್ಟಿಯಾಗಿ ಏನಕ್ಕೋ ತಾಗಿತು. ಅದು ಎಲುಬು. ಮೊದಲ ಎಕ್ಸ್-ರೇಯಲ್ಲಿ ಏನೂ ಕಂಡಿರಲಿಲ್ಲ. ಎಲುಬಿಗೆ ಸೋಂಕು ತಗುಲಿದ ಆರಂಭದ ಎರಡು ವಾರಗಳಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದೆಂದು ಆಮೇಲೆ ತಿಳಿಯಿತು. ಬೆರಳನ್ನು ತೆಗೆಯಬೇಕಾಯಿತು.

ಶಸ್ತ್ರಚಿಕಿತ್ಸೆಯ ನಂತರವೂ ಅಂಗಾಲಿನಲ್ಲಿ ಒಂದು ಗಾಯ ಕೂಡದೆ ಉಳಿಯಿತು. ಈ ಸಲ ಸುಳ್ಳು ಹೇಳಲಿಲ್ಲ, ಮನೆಯಲ್ಲಿ ಬಿಚ್ಚುತ್ತಿದ್ದೆ ಎಂದು ಒಪ್ಪಿಕೊಂಡೆ. ವೈದ್ಯರು ಬೈಯಲಿಲ್ಲ. ಸೋಂಕು ಪೂರ್ತಿ ಇಳಿದಿದೆಯೇ, ಪಾದಕ್ಕೆ ರಕ್ತ ಚೆನ್ನಾಗಿ ಹರಿಯುತ್ತಿದೆಯೇ ಎಂದು ನೋಡಿ, ಬೆರಳ ತುದಿಯಿಂದ ಮೊಣಕಾಲ ಕೆಳಗಿನವರೆಗೆ ಕಾಲಿಗೆ ಒತ್ತಿಕೊಂಡಂತೆ ಪ್ಲಾಸ್ಟರ್ ಕಟ್ಟಿದರು. ಭಾರ ಒಂದೇ ಕಡೆ ಬೀಳದೆ ಇಡೀ ಪಾದಕ್ಕೂ ಕಾಲಿಗೂ ಹಂಚಿಹೋಗುತ್ತದೆ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರ ಪಾದಗಳಿಗೆ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಇದೇ ಬಗೆಯ ಪ್ಲಾಸ್ಟರ್ ಬಳಸುತ್ತಿದ್ದರಂತೆ. ನಾನು ಬಿಚ್ಚಲಾಗದ್ದೇ ಅದರ ದೊಡ್ಡ ಗುಣ. ವಾರಕ್ಕೊಮ್ಮೆ ಬಿಚ್ಚಿ, ನೋಡಿ, ಮತ್ತೆ ಕಟ್ಟುತ್ತಿದ್ದರು. ಒಳಗಿದ್ದದ್ದು ಸಾದಾ ಡ್ರೆಸಿಂಗ್ ಮಾತ್ರ. ಒಂಬತ್ತು ವಾರಗಳಲ್ಲಿ ಗಾಯ ಮುಚ್ಚಿತು.

ಆದ್ದರಿಂದ ಯಾವ ಮುಲಾಮು ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ, ಆ ಪ್ರಶ್ನೆಯೇ ನಿಮ್ಮ ಐದು ವಾರಗಳನ್ನು ತಿಂದಿದೆ. ನಾಳೆ ಆಸ್ಪತ್ರೆಯಲ್ಲಿ "ಈ ಜಾಗದ ಮೇಲಿನ ಭಾರವನ್ನು ಹೇಗೆ ತೆಗೆಯುತ್ತೀರಿ?" ಎಂದು ಕೇಳಿ. ಪಾದದ ನಾಡಿ ನೋಡಿದ್ದಾರೆಯೇ, ಗಾಯ ಎಲುಬಿನವರೆಗೆ ಹೋಗಿದೆಯೇ ಎಂದೂ ಕೇಳಿ. ಪ್ಲಾಸ್ಟರ್ ಎಲ್ಲರಿಗೂ ಒಗ್ಗುವುದಿಲ್ಲ. ರಕ್ತಸಂಚಾರ ತೀರಾ ಕಡಿಮೆಯಿದ್ದರೆ ಅಥವಾ ಸೋಂಕು ಆಳಕ್ಕಿಳಿದಿದ್ದರೆ ಮೊದಲು ಅವುಗಳಿಗೇ ಚಿಕಿತ್ಸೆ ಆಗಬೇಕು. ಸಕ್ಕರೆಯ ಪ್ರಮಾಣ ಹತೋಟಿಯಲ್ಲಿರಲೇಬೇಕು, ಅದನ್ನು ನಿಮಗೆ ಈಗಾಗಲೇ ಹೇಳಿರುತ್ತಾರೆ. ಆಣಿ ಕರಗಿಸುವ ಔಷಧ, ಬಿಸಿನೀರಿನಲ್ಲಿ ಕಾಲು ನೆನೆಸುವುದು, ಬ್ಲೇಡಿನಿಂದ ನೀವೇ ಹೆರೆಯುವುದು, ಈ ಮೂರನ್ನೂ ಇವತ್ತೇ ನಿಲ್ಲಿಸಿ. ಬಿಸಿ ಎಷ್ಟಿದೆ ಎಂದು ಹೇಳುವ ಶಕ್ತಿ ನಿಮ್ಮ ಪಾದಕ್ಕಿಲ್ಲ.

ಕೆಲಸ ಬಿಡಲಾಗದು ಎಂದಿದ್ದೀರಿ, ನಿಂತೇ ಮಾಡುವ ಕೆಲಸ ಎಂದೂ ಬರೆದಿದ್ದೀರಿ. ಕುಳಿತು ಮಾಡುವ ಕೆಲಸ ಕೊಡುವಂತೆ ವೈದ್ಯರಿಂದ ಪತ್ರ ಬರೆಸಿಕೊಳ್ಳಿ. ನಾನು ರಜೆ ಉಳಿಸಲು ಹೋಗಿ ನಾಲ್ಕು ತಿಂಗಳು ಮನೆಯಲ್ಲಿ ಕೂತೆ.

ಗಾಯ ಮುಚ್ಚಿದರೂ ಕಥೆ ಮುಗಿಯುವುದಿಲ್ಲ. ವಾಸಿಯಾದ ನೂರು ಜನರಲ್ಲಿ ಸುಮಾರು 40 ಮಂದಿಗೆ ಒಂದೇ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ನಾನು ಪ್ರತಿ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡುತ್ತೇನೆ, ಶೂ ಹಾಕುವ ಮೊದಲು ಒಳಗೆ ಕೈಯಾಡಿಸುತ್ತೇನೆ. ಒಮ್ಮೆ ಸಣ್ಣ ಮೊಳೆ ಸಿಕ್ಕಿತ್ತು.

ಜ್ವರ, ಚಳಿ, ಹರಡುತ್ತಿರುವ ಕೆಂಪು, ಊತ, ದುರ್ವಾಸನೆ, ಕಪ್ಪಾದ ಚರ್ಮ, ಇವುಗಳಲ್ಲಿ ಒಂದು ಕಂಡರೂ ನಾಳೆಗೆ ಕಾಯಬೇಡಿ, ಈ ರಾತ್ರಿಯೇ ಹೊರಡಿ. ಇಲ್ಲದಿದ್ದರೆ ಬೆಳಿಗ್ಗೆ ಹೋಗಿ. ಅಲ್ಲಿಯವರೆಗೆ ಶೌಚಾಲಯದ ಆ ಹತ್ತು ಹೆಜ್ಜೆಗೂ ಊರುಗೋಲು ಹಿಡಿಯಿರಿ, ಆ ಕಾಲನ್ನು ನೆಲಕ್ಕೆ ಊರಬೇಡಿ.