ಪ್ರತಿಕಾಯವು ಕಿಣ್ವದ ಕೆಲಸ ಮಾಡಬಲ್ಲುದೇ?

ಪ್ರಶ್ನೆ: ಪ್ರತಿಕಾಯಗಳು ರೋಗಾಣುಗಳಿಗೆ ಅಂಟಿಕೊಳ್ಳುತ್ತವೆ ಎಂದು ಓದಿದ್ದೇನೆ. ಕೆಲವು ಪ್ರತಿಕಾಯಗಳು ಕಿಣ್ವಗಳಂತೆ ರಾಸಾಯನಿಕ ಕ್ರಿಯೆಯನ್ನೂ ನಡೆಸುತ್ತವೆ ಎಂಬುದು ನಿಜವೇ? ವೈದ್ಯಕೀಯದಲ್ಲಿ ಇವುಗಳಿಂದ ಏನು ಪ್ರಯೋಜನ?

ಉತ್ತರ: ನಿಜ. ಅಣುವೊಂದು ಮುರಿದು ಬೇರೊಂದಾಗುವಾಗ ಕ್ಷಣಾರ್ಧವೂ ಉಳಿಯದ ಸಂಕ್ರಮಣ ಸ್ಥಿತಿಯೊಂದನ್ನು ದಾಟಿ ಹೋಗುತ್ತದೆ. ಕಿಣ್ವವು ಅತ್ಯಂತ ಬಿಗಿಯಾಗಿ ಅಪ್ಪಿಕೊಳ್ಳುವುದು ಆ ಸ್ಥಿತಿಯನ್ನೇ, ಕ್ರಿಯೆಯ ವೇಗ ಹೆಚ್ಚುವುದೂ ಅದರಿಂದಲೇ ಎಂದು ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ 1940ರ ದಶಕದಲ್ಲಿ ವಿವರಿಸಿದ್ದರು. ಹಾಗಿದ್ದಲ್ಲಿ ಆ ಸ್ಥಿತಿಯನ್ನು ಹೋಲುವ ಸ್ಥಿರವಾದ ಅಣುವಿಗೆ ಎದುರಾಗಿ ಹುಟ್ಟುವ ಪ್ರತಿಕಾಯವೂ ಕಿಣ್ವದಂತೆ ವರ್ತಿಸಬೇಕು ಎಂಬುದು 1969ರಲ್ಲಿ ವಿಲಿಯಂ ಜೆಂಕ್ಸ್ ಮುಂದಿಟ್ಟ ತರ್ಕ. ಆಮ್ಲ ಮತ್ತು ಆಲ್ಕೋಹಾಲನ್ನು ಬೆಸೆಯುವ ಎಸ್ಟರ್ ಬಂಧವನ್ನು ನೀರು ಸೀಳುವಾಗ ಸಮತಲದಲ್ಲಿದ್ದ ಇಂಗಾಲದ ಕೇಂದ್ರವು ಚತುರ್ಮುಖಿ ಆಕಾರ ತಳೆಯುತ್ತದೆ. ಇಂಗಾಲದ ಜಾಗದಲ್ಲಿ ರಂಜಕವನ್ನಿಟ್ಟರೆ ಆ ಆಕಾರ ಕದಲದೆ ನಿಲ್ಲುತ್ತದೆ. ಇಂಥ ರಂಜಕದ ಅಣುಗಳನ್ನು ಹಿಡಿಯುವ ಪ್ರತಿಕಾಯಗಳು ಬಂಧವನ್ನು ಸೀಳಬಲ್ಲವೆಂದು 1986ರಲ್ಲಿ ರಿಚರ್ಡ್ ಲರ್ನರ್ ಮತ್ತು ಪೀಟರ್ ಶುಲ್ಟ್ಸ್ ಅವರ ತಂಡಗಳು ಪ್ರತ್ಯೇಕವಾಗಿ ತೋರಿಸಿದವು. ರಸಾಯನಶಾಸ್ತ್ರದ ಒಂದು ಊಹೆಯನ್ನು ಪ್ರಾಣಿದೇಹದ ರಕ್ಷಣಾ ವ್ಯವಸ್ಥೆಯೇ ನಿಜಮಾಡಿ ತೋರಿಸಿದ ಈ ಪ್ರಸಂಗವನ್ನು ನಾನು ಬಹಳ ಸುಂದರವೆಂದು ಭಾವಿಸುತ್ತೇನೆ.

ವೈದ್ಯಕೀಯದ ದೃಷ್ಟಿಯಿಂದ ಇವುಗಳ ಹೆಚ್ಚುಗಾರಿಕೆ ಕೊಕೇನ್ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಸಾಮಾನ್ಯ ಪ್ರತಿಕಾಯ ಕೊಕೇನ್ ಅಣುಗಳನ್ನು ಹಿಡಿದು ತುಂಬಿಹೋದರೆ ಅದರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಕ್ರಿಯಾವರ್ಧಕ ಪ್ರತಿಕಾಯವಾದರೋ, ಅಂದರೆ ಕಿಣ್ವದಂತೆ ಕ್ರಿಯೆ ನಡೆಸುವ ಪ್ರತಿಕಾಯವಾದರೋ, ಅಣುವನ್ನು ಸೀಳಿ, ಅಮಲೇರಿಸದ ತುಣುಕುಗಳನ್ನು ಬಿಟ್ಟುಕೊಟ್ಟು, ಮತ್ತೊಂದನ್ನು ಹಿಡಿಯಲು ಅಣಿಯಾಗುತ್ತದೆ. ಡೊನಾಲ್ಡ್ ಲ್ಯಾಂಡ್ರಿ ಅವರ ತಂಡ 1993ರಲ್ಲಿ ಇಂಥ ಪ್ರತಿಕಾಯಗಳನ್ನು ವರದಿ ಮಾಡಿತು. ಮುಂದೆ ಅವುಗಳಲ್ಲೊಂದು ಇಲಿಗಳನ್ನು ಕೊಕೇನಿನ ವಿಷಪರಿಣಾಮದಿಂದ ಕಾಪಾಡಿತು. ನಿಷ್ಕ್ರಿಯ ರೂಪದಲ್ಲಿ ಕೊಟ್ಟ ಕ್ಯಾನ್ಸರ್ ಔಷಧವನ್ನು ಗೆಡ್ಡೆಯ ಬಳಿಯಲ್ಲೇ ಸಕ್ರಿಯಗೊಳಿಸಲು ಇವನ್ನು ಬಳಸುವ ಪ್ರಯತ್ನಗಳೂ ನಡೆದಿವೆ.

ಇಷ್ಟಾದರೂ ಇವು ವಾಡಿಕೆಯ ಚಿಕಿತ್ಸೆಯಾಗಿಲ್ಲ. ಮುಖ್ಯ ತೊಡಕು ವೇಗದ್ದು: ಸಹಜ ಕಿಣ್ವಗಳ ಮುಂದೆ ಹೆಚ್ಚಿನ ಕ್ರಿಯಾವರ್ಧಕ ಪ್ರತಿಕಾಯಗಳು ತೀರ ನಿಧಾನ, ಆದ್ದರಿಂದ ಭಾರಿ ಪ್ರಮಾಣ ಬೇಕಾಗುತ್ತದೆ. ಇಲಿಯಿಂದ ಪಡೆದ ಪ್ರತಿಕಾಯವನ್ನು ಮನುಷ್ಯದೇಹ ಪರಕೀಯವೆಂದು ಎದುರಿಸುವುದೂ ಉಂಟು.

ಇಂಥ ಪ್ರತಿಕಾಯಗಳು ನಮ್ಮ ದೇಹದಲ್ಲಿಯೂ ಹುಟ್ಟುತ್ತವೆ. 1989ರಲ್ಲಿ ಸುಧೀರ್ ಪಾಲ್ ಮತ್ತು ಸಂಗಡಿಗರು, ಶ್ವಾಸನಾಳವನ್ನು ಸಡಿಲಿಸುವ ಒಂದು ಪೆಪ್ಟೈಡನ್ನು (ಅಮೈನೊ ಆಮ್ಲಗಳ ಕಿರು ಸರಪಳಿಯನ್ನು) ತುಂಡರಿಸುವ ಮಾನವ ಪ್ರತಿಕಾಯಗಳನ್ನು ವರದಿ ಮಾಡಿದರು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎ ರೋಗ ಇರುವ ಕೆಲವರಲ್ಲಿ, ಚಿಕಿತ್ಸೆಗೆಂದು ಕೊಟ್ಟ ಎಂಟನೆಯ ಹೆಪ್ಪುಗಟ್ಟುವಿಕೆ ಅಂಶವನ್ನೇ ಸೀಳುವ ಪ್ರತಿಕಾಯಗಳು ಕಂಡುಬಂದಿವೆ. ಅಂಥವರಲ್ಲಿ ಹುಡುಕಬೇಕಾದದ್ದು ಈ ಪ್ರತಿಕಾಯಗಳನ್ನು ತಡೆಯುವ ಔಷಧ.