ಕರೆಂಟ್ ಹೋದರೆ ನೆಟ್‌ವರ್ಕ್ ಯಾಕೆ ಹೋಗುತ್ತದೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಅರ್ಧ ದಿನದೊಳಗೆ ಮೊಬೈಲೂ ಸತ್ತ ಹಾಗೆ. ಮನೆಯಲ್ಲಿ ವಯಸ್ಸಾದ ಅಪ್ಪ, ಅಮ್ಮ ಇದ್ದಾರೆ. ಬೇರೆ ಕಂಪನಿಯ ಸಿಮ್ ಹಾಕಿದರೂ ಪ್ರಯೋಜನ ಆಗಲಿಲ್ಲ. ಯಾಕೆ?

ಉತ್ತರ: ಟವರ್‌ಗೂ ಕರೆಂಟ್ ಬೇಕಲ್ವಾ? ಲೈನ್ ಹೋದ ಕೂಡಲೇ ಅದು ಬ್ಯಾಟರಿ ಮೇಲೆ ನಡೆಯುತ್ತದೆ. ಬ್ಯಾಟರಿ ಕೆಲವು ಗಂಟೆ ಬರುತ್ತದೆ, ಹಳೆಯದಾಗಿದ್ದರೆ ಅಷ್ಟೂ ಇಲ್ಲ. ಆಮೇಲೆ ಜನರೇಟರ್. ಅದಕ್ಕೆ ಡೀಸೆಲ್ ಬೇಕು, ಡೀಸೆಲ್ ಬರಬೇಕಾದ ರಸ್ತೆಗೆ ಅಡ್ಡ ಅದೇ ಮರ ಬಿದ್ದಿದೆ! ತಂತಿ ಎಲ್ಲಿ ತುಂಡಾಗಿದೆ ಅಂತ ಲೈನ್‌ಮ್ಯಾನ್‌ಗೆ ಹೇಳೋಣ ಎಂದರೆ ಫೋನೇ ಇಲ್ಲ. ಕರೆಂಟ್, ರಸ್ತೆ, ಫೋನ್ ಮೂರೂ ಒಂದರ ಮೇಲೊಂದು ಆತುಕೊಂಡಿವೆ. ಒಂದು ಬಿದ್ದರೆ ಉಳಿದೆರಡನ್ನೂ ಎಳೆದುಕೊಂಡೇ ಬೀಳುತ್ತದೆ.

ಇನ್ನು ಎರಡನೇ ಸಿಮ್. ಎಷ್ಟೋ ಕಡೆ ಎರಡು ಮೂರು ಕಂಪನಿಗಳ ಆಂಟೆನಾ ಒಂದೇ ಟವರ್ ಮೇಲಿರುತ್ತವೆ. ಜನರೇಟರೂ ಒಂದೇ. ಟವರ್ ಬೇರೆ ಇದ್ದರೂ ಕೇಬಲ್‌ಗಳು ಒಂದೇ ರಸ್ತೆ ಬದಿ ಹೋಗಿದ್ದರೆ, ಕುಸಿದ ಮಣ್ಣು ತೆಗೆಯುವಾಗ ಜೆಸಿಬಿಗೆ ಸಿಕ್ಕಿ ಎರಡೂ ಒಟ್ಟಿಗೆ ಕಟ್. ಹಾಗಾಗಿ ಸುಮ್ನೆ ಇನ್ನೊಂದು ಸಿಮ್ ಕೊಳ್ಳಬೇಡಿ. ಹೋದ ಮಳೆಗಾಲದಲ್ಲಿ ಊರಲ್ಲಿ ಯಾರ ಫೋನ್ ಕೊನೆವರೆಗೂ ನಡೆಯಿತು ಅಂತ ವಿಚಾರಿಸಿ, ಆ ಕಂಪನಿಯದನ್ನೇ ಹಾಕಿಸಿ.

ಚಂಡಮಾರುತದಂಥ ದೊಡ್ಡ ಅನಾಹುತ ಆದಾಗ, ಯಾವ ಸಿಮ್ ಇದ್ದರೂ ಸಿಕ್ಕ ಟವರ್ ಹಿಡಿಯುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಒಂದು ಟವರಾದರೂ ಉಸಿರಾಡುತ್ತಿರಬೇಕಲ್ಲ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ತುರ್ತಿಗೆ 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಮೂಲಕವೂ ಕರೆ ಹೋಗಬಹುದು.

ನನ್ನನ್ನು ಕೇಳಿದರೆ, ಜೂನ್‌ಗೆ ಮೊದಲೇ ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಇದನ್ನು: ನಮ್ಮ ಟವರ್‌ನ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಡೀಸೆಲ್ ಅಲ್ಲೇ ಇಟ್ಟಿದ್ದಾರಾ, ರಸ್ತೆ ಬಂದಾದರೆ ತರುವವರು ಯಾರು? ಮನೆಯಲ್ಲಿ ಅಪ್ಪ, ಅಮ್ಮನ ಮಾತ್ರೆ ಎರಡು ವಾರಕ್ಕೆ ಆಗುವಷ್ಟು ಇರಲಿ. ಸೆಲ್ ಹಾಕುವ ರೇಡಿಯೊ, ಸ್ವಲ್ಪ ನಗದೂ ಇರಲಿ. ನೆಟ್‌ವರ್ಕ್ ಇಲ್ಲದ ದಿನ ಅಂಗಡಿಯ ಕ್ಯೂಆರ್ ಕೋಡ್ ಬರೀ ಚಿತ್ರ.

ಪ್ರಶ್ನೆ: ಹಾಸನದಲ್ಲಿರುವ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ಗೆ ಏನಾದರೂ ಆದರೆ ದೇಶದ ಟಿವಿಗಳೆಲ್ಲ ನಿಂತು ಹೋಗುತ್ತವಾ?

ಉತ್ತರ: ಇಲ್ಲ. ಟಿವಿ ಕಾರ್ಯಕ್ರಮ ಹಾಸನದಿಂದ ಹೋಗುವುದಿಲ್ಲ. ಇಲ್ಲಿ ನಡೆಯುವುದು ಉಪಗ್ರಹಗಳ ಮೇಲೆ ಕಣ್ಣಿಟ್ಟು, ಅವನ್ನು ಅವುಗಳ ಜಾಗದಲ್ಲೇ ನಿಲ್ಲಿಸುವ ಕೆಲಸ. 1982ರಲ್ಲಿ ಶುರುವಾದಾಗ ಇದೊಂದೇ ಇತ್ತು. 2005ರಲ್ಲಿ ಭೋಪಾಲ್‌ನಲ್ಲಿ ಇನ್ನೊಂದು ಬಂತು. ಅಲ್ಲಿಯ ಕರೆಂಟ್ ಲೈನ್ ಬೇರೆ, ಮಳೆ ಬೇರೆ, ರಸ್ತೆ ಬೇರೆ. ಅದನ್ನೇ ಅರಸೀಕೆರೆಯಲ್ಲಿ ಕಟ್ಟಿದ್ದರೆ ಮೂಡಿಗೆರೆಯವರ ಎರಡನೇ ಸಿಮ್ಮಿನ ಕತೆಯೇ ಆಗುತ್ತಿತ್ತು.